ಏಕಾದಶಿ, ನೊಬೆಲ್ ಮತ್ತು ಯೀಸ್ಟ್: ಜೀವಕೋಶ ತನ್ನ ಹಳೆಯ ಸಾಮಾನು ಬಿಚ್ಚುವ ಬಗೆ

ಆಷಾಢ ಏಕಾದಶಿ ಹತ್ತಿರ ಬಂತೆಂದರೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯ ಊರುಗಳಿಂದ ವಿಠ್ಠಲನ ಭಕ್ತರ ದಿಂಡಿಗಳು ಪಂಢರಪುರದ ದಾರಿ ಹಿಡಿಯುತ್ತವೆ. ಅದೇ ಹೊತ್ತಿಗೆ ಮೊಬೈಲಿನಲ್ಲಿ ಒಂದು ಸಂದೇಶವೂ ಹೊರಡುತ್ತದೆ. ದಿಂಡಿ ನಡೆದು ಹೋಗುತ್ತದೆ, ಸಂದೇಶ ಓಡುತ್ತದೆ. ಈ ವರ್ಷ ಅದು ನನಗೆ ಮೂರು ಗುಂಪುಗಳಿಂದ ಬಂತು. ಸಾರಾಂಶ ಇಷ್ಟು: ಏಕಾದಶಿಯ ಉಪವಾಸದಿಂದ ದೇಹ ತನ್ನೊಳಗಿನ ಕೆಟ್ಟ ಕೋಶಗಳನ್ನೂ ಕ್ಯಾನ್ಸರನ್ನೂ ತಾನೇ ತಿಂದು ಹಾಕುತ್ತದೆ ಎಂದು ಜಪಾನಿನ ವಿಜ್ಞಾನಿಯೊಬ್ಬರು ಸಾಬೀತು ಮಾಡಿದ್ದಾರೆ, ಅದಕ್ಕೇ ಅವರಿಗೆ ನೊಬೆಲ್ ಬಂದಿದೆ.

ಬಾಗಲಕೋಟೆಯ ನವನಗರದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕನವರು ಇದನ್ನು ಓದಿ ನನ್ನ ಬಳಿ ಬಂದರು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದವನು ಎಂಬುದು ಅವರಿಗೆ ಸಾಕಾಗಿತ್ತು. "ಮಾಸ್ತರರೇ, ಇದು ಖರೆಯೇ? ಖರೆ ಆಗಿದ್ದರೆ ಈ ಸಲ ನಿರ್ಜಲ ಏಕಾದಶಿ ಮಾಡುತ್ತೇನೆ" ಎಂದರು. ಅವರಿಗೆ ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಮಾತ್ರೆ. ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಕಳಿಸುವ ಪ್ರಶ್ನೆ ಅದಾಗಿರಲಿಲ್ಲ.

ಸಂದೇಶದಲ್ಲಿ ನಿಜವೂ ಇದೆ. ವಿಜ್ಞಾನಿಯ ಹೆಸರು ಯೋಶಿನೋರಿ ಒಸುಮಿ. 2016ರ ವೈದ್ಯಕೀಯ ನೊಬೆಲ್ ಅವರೊಬ್ಬರಿಗೇ ಬಂತು, ಯಾರೊಂದಿಗೂ ಹಂಚಿಕೆಯಾಗಲಿಲ್ಲ. ಅವರು ಅಧ್ಯಯನ ಮಾಡಿದ ಕ್ರಿಯೆಗೆ ಆಟೋಫೇಜಿ ಎಂದು ಹೆಸರು. ಗ್ರೀಕಿನಲ್ಲಿ 'ಆಟೋ' ಎಂದರೆ ತಾನೇ, 'ಫೇಜಿ' ಎಂದರೆ ತಿನ್ನುವುದು. ಕನ್ನಡದಲ್ಲಿ ಸ್ವಭಕ್ಷಣೆ ಎಂದು ಬರೆಯುತ್ತಾರೆ. ಆದರೆ ಅವರು ನೋಡಿದ್ದು ಉಪವಾಸ ಹಿಡಿದ ಮನುಷ್ಯರನ್ನಲ್ಲ, ಬ್ರೆಡ್ಡು ಉಬ್ಬಿಸುವ ಯೀಸ್ಟನ್ನು. ಅಲ್ಲಿಂದ ಏಕಾದಶಿಯವರೆಗಿನ ದಾರಿ ಸಂದೇಶ ಹೇಳುವುದಕ್ಕಿಂತ ಬಹಳ ಉದ್ದವಾಗಿದೆ.

ಕಟ್ಟುವವರಿಗೆ ಕೆಡವುವ ಕೆಲಸ ಏಕೆ?

ನಮ್ಮ ದೇಹ ಜೀವಕೋಶಗಳಿಂದ ಆಗಿದೆ. ಒಂದೊಂದು ಕೋಶದೊಳಗೂ ಬಗೆಬಗೆಯ ಸಾಮಾನು ತುಂಬಿದೆ. ಶಕ್ತಿ ತಯಾರಿಸುವ ಮೈಟೋಕಾಂಡ್ರಿಯ ಇದೆ, ವಂಶವಾಹಿಗಳನ್ನು ಇಟ್ಟುಕೊಂಡ ಕೋಶಕೇಂದ್ರ ಇದೆ, ಸಾಗಾಟಕ್ಕೆ ಪೊರೆಯ ಸಣ್ಣ ಚೀಲಗಳಿವೆ. ಇವೆಲ್ಲದರ ಕೆಲಸಗಾರರು ಪ್ರೋಟೀನುಗಳು. ಪ್ರೋಟೀನ್ ಎಂದರೆ ಅಮೈನೋ ಆಮ್ಲ ಎಂಬ ಮಣಿಗಳನ್ನು ಪೋಣಿಸಿದ ಸರ. ಆ ಸರ ತನ್ನದೇ ಆದ ಒಂದು ಆಕಾರಕ್ಕೆ ಮಡಚಿಕೊಂಡಾಗ ಮಾತ್ರ ಕೆಲಸಕ್ಕೆ ಬರುತ್ತದೆ.

ಪ್ರೋಟೀನುಗಳು ಸವೆಯುತ್ತವೆ. ಕೆಲವು ತಯಾರಾಗುವಾಗಲೇ ತಪ್ಪಾಗಿ ಮಡಚಿಕೊಳ್ಳುತ್ತವೆ. ಇನ್ನು ಕೆಲವು ಚೆನ್ನಾಗಿಯೇ ಇರುತ್ತವೆ, ಆದರೆ ಅವುಗಳ ಕೆಲಸ ಮುಗಿದಿರುತ್ತದೆ. ಕೆಲವು ಪ್ರೋಟೀನುಗಳ ಆಯುಷ್ಯ ಕೆಲವೇ ನಿಮಿಷ, ಕೆಲವುದರದು ತಿಂಗಳುಗಳು. ಕಣ್ಣಿನ ಮಸೂರದೊಳಗಿನ ಪ್ರೋಟೀನುಗಳಂತೂ ನಾವು ಹುಟ್ಟುವ ಮೊದಲೇ ತಯಾರಾಗಿ ನಮ್ಮ ಜೊತೆಗೇ ಮುದಿಯಾಗುತ್ತವೆ. ಕಣ್ಣಿಗೆ ಪೊರೆ ಬರುವುದಕ್ಕೆ ಅದೂ ಒಂದು ಕಾರಣ. ಉಳಿದವುಗಳನ್ನು ತೆಗೆಯುತ್ತಲೇ ಇರಬೇಕು.

ಲೆಕ್ಕ ಹಾಕಿದರೆ ಇನ್ನೊಂದು ಸಂಗತಿ ಕಾಣುತ್ತದೆ. ವಯಸ್ಕರ ದೇಹದಲ್ಲಿ ದಿನಕ್ಕೆ ಸುಮಾರು 200ರಿಂದ 300 ಗ್ರಾಂ ಪ್ರೋಟೀನ್ ಹೊಸದಾಗಿ ತಯಾರಾಗುತ್ತದೆ. ನಾವು ರೊಟ್ಟಿ, ಬೇಳೆ, ಕಾಳು, ಹಾಲು, ಮೊಟ್ಟೆಗಳಿಂದ ಪಡೆಯುವುದು ಸಾಧಾರಣವಾಗಿ 60ರಿಂದ 80 ಗ್ರಾಂ. ಉಳಿದದ್ದು ಎಲ್ಲಿಂದ ಬರುತ್ತದೆ? ಹಳೆಯದನ್ನು ಬಿಚ್ಚಿದಾಗ ಸಿಕ್ಕ ಮಣಿಗಳಿಂದ.

ಬಾಗಲಕೋಟೆಯವರಿಗೆ ಇದನ್ನು ವಿವರಿಸುವುದು ಸುಲಭ. ಆಲಮಟ್ಟಿಯ ಹಿನ್ನೀರು ಬರುತ್ತದೆ ಎಂದಾಗ ಹಳೆಯ ಊರಿನಲ್ಲಿ ಜನ ಮನೆಗಳನ್ನು ಸುಮ್ಮನೆ ಒಡೆದು ಬರಲಿಲ್ಲ. ಬಾಗಿಲನ್ನು ಚೌಕಟ್ಟಿನ ಸಮೇತ ಕಿತ್ತರು. ಜಂತಿ, ತೊಲೆ, ಕಂಬಗಳನ್ನು ಒಂದೊಂದಾಗಿ ಇಳಿಸಿದರು. ಹಾಸುಗಲ್ಲು ಎಬ್ಬಿಸಿದರು. ಎಲ್ಲವೂ ಟ್ರ್ಯಾಕ್ಟರಿನಲ್ಲಿ ನವನಗರಕ್ಕೆ ಬಂತು. ಇಂದಿಗೂ ಇಲ್ಲಿ ಸಿಮೆಂಟಿನ ಗೋಡೆಗೆ ಕೂರಿಸಿದ ಸಾಗವಾನಿ ಬಾಗಿಲು ಕಾಣಿಸಿದರೆ ಅದು ಮುಳುಗಡೆಯಿಂದ ಬಂದದ್ದು ಎಂದು ತಿಳಿದವರು ಹೇಳುತ್ತಾರೆ. ಜೀವಕೋಶ ಕೆಡವುವುದೂ ಹೀಗೆಯೇ. ಪುಡಿ ಮಾಡಿ ಹೊರಗೆ ಚೆಲ್ಲುವುದು ಅದರ ಉದ್ದೇಶವಲ್ಲ, ಮರಳಿ ಬಳಸುವಂತೆ ಬಿಚ್ಚುವುದು ಉದ್ದೇಶ. ಸ್ವಭಕ್ಷಣೆ ಎಂಬ ಮಾತು ಕೇಳಿದರೆ ಹುಲಿಯೊಂದು ತನ್ನ ಬಾಲ ಕಚ್ಚಿಕೊಂಡ ಚಿತ್ರ ಬರುತ್ತದೆ. ನನಗೆ ಆ ಪದ ಅಷ್ಟಾಗಿ ಹಿಡಿಸದಿರುವುದಕ್ಕೆ ಕಾರಣ ಅದು.

ಬಿಡಿ ಸಾಮಾನಿಗೆ ಒಂದು ದಾರಿ, ಇಡೀ ಗೋಡೆಗೆ ಇನ್ನೊಂದು

ಕೋಶದಲ್ಲಿ ಕೆಡವುವ ವ್ಯವಸ್ಥೆಗಳು ಮುಖ್ಯವಾಗಿ ಎರಡು. ಮೊದಲನೆಯದು ಬಿಡಿ ಪ್ರೋಟೀನುಗಳಿಗೆ. ರಸ್ತೆ ಅಗಲೀಕರಣಕ್ಕೆ ಮೊದಲು ನಗರಸಭೆಯವರು ಬಂದು ಗೋಡೆಯ ಮೇಲೆ ಕೆಂಪು ಬಣ್ಣದ ಗುರುತು ಹಾಕಿ ಹೋಗುತ್ತಾರಲ್ಲ, ಹಾಗೆ ಕೆಡವಬೇಕಾದ ಪ್ರೋಟೀನಿನ ಮೇಲೆ ಯುಬಿಕ್ವಿಟಿನ್ ಎಂಬ ಪುಟ್ಟ ಗುರುತು ಅಂಟಿಕೊಳ್ಳುತ್ತದೆ. ಅದೂ ಒಂದು ಪ್ರೋಟೀನೇ, 76 ಅಮೈನೋ ಆಮ್ಲಗಳಷ್ಟು ಸಣ್ಣದು. ಗುರುತು ಬಿದ್ದ ಪ್ರೋಟೀನನ್ನು ಪ್ರೋಟಿಯಾಸೋಮ್ ಎಂಬ ಕೊಳವೆಯಾಕಾರದ ಯಂತ್ರ ಒಳಗೆಳೆದು ತುಂಡು ತುಂಡು ಮಾಡುತ್ತದೆ. ಇದನ್ನು ಬಿಡಿಸಿ ತೋರಿಸಿದ ಆರನ್ ಚೆಚನೋವರ್, ಅವ್ರಾಮ್ ಹರ್ಷ್ಕೊ, ಅರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಆದರೆ ಆ ಕೊಳವೆಯ ಬಾಯಿ ಚಿಕ್ಕದು. ಒಂದು ಪ್ರೋಟೀನ್ ಸರ ಬಿಚ್ಚಿಕೊಂಡು ಒಳಗೆ ಹೋಗಬಲ್ಲದು. ಇಡೀ ಮೈಟೋಕಾಂಡ್ರಿಯವೇ ಹಾಳಾದರೆ? ಪ್ರೋಟೀನುಗಳು ಗಂಟುಗಟ್ಟಿ ಹೆಪ್ಪಾಗಿದ್ದರೆ? ಕೋಶದೊಳಗೆ ಬ್ಯಾಕ್ಟೀರಿಯವೊಂದು ನುಗ್ಗಿದ್ದರೆ? ಆಗ ಎರಡನೆಯ ವ್ಯವಸ್ಥೆ ಬೇಕು. ಆಟೋಫೇಜಿ ಎಂದರೆ ಅದು.

ಫ್ರಿಜ್ಜಿನಲ್ಲಿ ಇಟ್ಟ ಯಕೃತ್ತಿನ ರಸ

ಇದರ ಕಥೆ ಒಸುಮಿಗಿಂತ ಹಿಂದೆ, ಬೆಲ್ಜಿಯಂನಲ್ಲಿ ಶುರುವಾಗುತ್ತದೆ. ಕ್ರಿಸ್ಟಿಯಾನ್ ದ ದುವ್ ಎಂಬ ವಿಜ್ಞಾನಿ ಇಲಿಯ ಯಕೃತ್ತಿನ ಮೇಲೆ ಇನ್ಸುಲಿನ್ ಹೇಗೆ ಕೆಲಸ ಮಾಡುತ್ತದೆ ಎಂದು ಹುಡುಕುತ್ತಿದ್ದರು. ಯಕೃತ್ತಿನ ರಸದಲ್ಲಿ ಒಂದು ಕಿಣ್ವವನ್ನು, ಅಂದರೆ ಕೋಶದ ರಾಸಾಯನಿಕ ಕೆಲಸವನ್ನು ಬೇಗ ಮಾಡಿಸುವ ಪ್ರೋಟೀನನ್ನು, ಅಳೆದಾಗ ಅದು ನಿರೀಕ್ಷೆಗಿಂತ ತೀರ ಕಡಿಮೆ ಚುರುಕಾಗಿತ್ತು. ಅದೇ ರಸವನ್ನು ಫ್ರಿಜ್ಜಿನಲ್ಲಿ ಇಟ್ಟು ಕೆಲವು ದಿನ ಬಿಟ್ಟು ಅಳೆದರೆ ಚುರುಕು ಹಲವು ಪಟ್ಟು ಏರಿತ್ತು. ಹಳಸಿದ ರಸ ಹೆಚ್ಚು ಕೆಲಸ ಮಾಡುವುದೆಂದರೇನು? ಬೇರೆಯವರಾಗಿದ್ದರೆ ಅಳತೆ ತಪ್ಪಿದೆ ಎಂದು ಚೆಲ್ಲುತ್ತಿದ್ದರೇನೋ. ಅವರು ಬೇರೆ ಬಗೆಯಲ್ಲಿ ಯೋಚಿಸಿದರು. ಕಿಣ್ವ ಒಂದು ಚೀಲದೊಳಗೆ ಮುಚ್ಚಿಕೊಂಡಿರಬೇಕು, ದಿನ ಕಳೆದಂತೆ ಚೀಲ ಒಡೆದು ಕಿಣ್ವ ಹೊರಗೆ ಬಂದಿರಬೇಕು.

ಚೀಲ ನಿಜವಾಗಿಯೂ ಇತ್ತು. 1955ರಲ್ಲಿ ಅದಕ್ಕೆ ಲೈಸೋಸೋಮ್ ಎಂದು ಹೆಸರಿಟ್ಟರು. ಅದರೊಳಗೆ ಪ್ರೋಟೀನ್, ಕೊಬ್ಬು, ಸಕ್ಕರೆ, ಡಿಎನ್‌ಎ ಎಲ್ಲವನ್ನೂ ಕತ್ತರಿಸಬಲ್ಲ 50ಕ್ಕೂ ಹೆಚ್ಚು ಬಗೆಯ ಕಿಣ್ವಗಳಿವೆ. ಒಳಗಿನ ರಸ ಹುಳಿ, ಹೆಚ್ಚುಕಡಿಮೆ ಟೊಮೆಟೊ ರಸದಷ್ಟು. ಹುಳಿ ಇದ್ದರೆ ಮಾತ್ರ ಆ ಕಿಣ್ವಗಳು ಚುರುಕು. ಚೀಲ ಎಲ್ಲಾದರೂ ಸೋರಿದರೆ ಹೊರಗಿನ ಕೋಶರಸದಲ್ಲಿ ಹುಳಿ ಇಲ್ಲವಾದ್ದರಿಂದ ಅವು ಮಂಕಾಗುತ್ತವೆ. ಚಾಕುವನ್ನು ಒರೆಯಲ್ಲಿ ಇಟ್ಟದ್ದಲ್ಲದೆ, ಒರೆಯಿಂದ ಹೊರಬಂದರೆ ಮೊಂಡಾಗುವಂತೆಯೂ ಮಾಡಿಟ್ಟಿದೆ.

ಅಷ್ಟರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದಿತ್ತು. ಕೋಶದ ಸಾಮಾನುಗಳೇ ಪೊರೆಯೊಳಗೆ ಸುತ್ತಿಕೊಂಡು ಲೈಸೋಸೋಮ್ ಸೇರುವುದು ಚಿತ್ರಗಳಲ್ಲಿ ಕಾಣತೊಡಗಿತು. 1963ರಲ್ಲಿ ದ ದುವ್ ಅದಕ್ಕೆ ಆಟೋಫೇಜಿ ಎಂದು ಕರೆದರು. 1974ರಲ್ಲಿ ಅವರಿಗೂ ನೊಬೆಲ್ ಬಂತು. ಹಾಗಾಗಿ ಪದವೂ ಚೀಲವೂ ಒಸುಮಿಯವರದ್ದಲ್ಲ. ಆಟೋಫೇಜಿ ಎಂದು ಹೆಸರಿಟ್ಟ ಮೇಲೆ ಸುಮಾರು 25 ವರ್ಷ ವಿಷಯ ಅಲ್ಲಿಗೇ ನಿಂತಿತು. ಚಿತ್ರವಿದೆ, ಹೆಸರಿದೆ, ಆದರೆ ಈ ಕೆಲಸ ನಡೆಸುವ ಜೀನ್‌ಗಳು, ಅಂದರೆ ವಂಶವಾಹಿಗಳು, ಯಾವುವು ಎಂದು ಯಾರಿಗೂ ಗೊತ್ತಿರಲಿಲ್ಲ.

ಗಿರಣಿ ನಿಂತರೆ ಸಾಲು ಕಾಣುತ್ತದೆ

ಒಸುಮಿ ಹುಟ್ಟಿದ್ದು 1945ರಲ್ಲಿ, ಫುಕುವೋಕಾದಲ್ಲಿ. ನ್ಯೂಯಾರ್ಕಿನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದಲ್ಲಿ ಇದ್ದಾಗ ಅವರಿಗೆ ಯೀಸ್ಟಿನ ಪರಿಚಯವಾಯಿತು. ಟೋಕಿಯೊಗೆ ಮರಳಿದ ಮೇಲೆ ಅವರು ಹಿಡಿದದ್ದು ಯೀಸ್ಟಿನ ರಸದಾನಿಯನ್ನು. ಅದು ಕೋಶದ ನಡುವೆ ಬಲೂನಿನಂತೆ ಕುಳಿತ ದೊಡ್ಡ ಚೀಲ. ಆಗ ಅದನ್ನು ಕೋಶದ ಕಸದ ತಿಪ್ಪೆ ಎಂದಷ್ಟೇ ಬಹಳ ಜನ ತಿಳಿದಿದ್ದರು. ಹೆಚ್ಚು ಜನ ನೋಡದ ಕಡೆ ಕೆಲಸ ಮಾಡುವುದು ಒಸುಮಿಯವರಿಗೆ ಇಷ್ಟ. 1988ರಲ್ಲಿ, 43ನೇ ವಯಸ್ಸಿನಲ್ಲಿ ಅವರಿಗೆ ಸ್ವಂತ ಪ್ರಯೋಗಾಲಯ ಸಿಕ್ಕಿತು. ದೊಡ್ಡ ಉಪಕರಣಗಳೇನೂ ಇರಲಿಲ್ಲ, ಸಾಧಾರಣ ಬೆಳಕಿನ ಸೂಕ್ಷ್ಮದರ್ಶಕವಿತ್ತು.

ಯೀಸ್ಟ್ ಎಂದರೆ ಒಂದೇ ಕೋಶದ ಶಿಲೀಂಧ್ರ. ಬೆಳಗಾವಿಯ ಬೇಕರಿಗಳಲ್ಲಿ ಬೆಳಗಿನ ಜಾವ ಪಾವಿನ ಹಿಟ್ಟು ಉಬ್ಬಿಸುವುದೂ ಇದೇ ಯೀಸ್ಟ್. ಒಂದೇ ಕೋಶವಾದರೂ ಅದರ ಒಳಗಿನ ಏರ್ಪಾಡು ನಮ್ಮ ಕೋಶಗಳನ್ನು ಹೋಲುತ್ತದೆ. ಬೇಗ ಬೆಳೆಯುತ್ತದೆ, ಜೀನ್ ಕೆಡಿಸಿ ನೋಡುವುದು ಸುಲಭ. ಯೀಸ್ಟಿನಲ್ಲಿ ರಸದಾನಿಯೇ ಲೈಸೋಸೋಮಿನ ಕೆಲಸ ಮಾಡುತ್ತದೆ. ಆದರೆ ಯೀಸ್ಟಿನಲ್ಲಿ ಆಟೋಫೇಜಿ ನಡೆಯುತ್ತದೆಯೇ ಎಂಬುದೇ ಆಗ ತಿಳಿದಿರಲಿಲ್ಲ. ನಡೆದರೂ ಕಾಣುವುದು ಹೇಗೆ? ಸಾಮಾನು ರಸದಾನಿಗೆ ಬಂದ ಕೂಡಲೇ ಕರಗಿ ಹೋಗುತ್ತದಲ್ಲ.

ಒಸುಮಿ ಮಾಡಿದ ಉಪಾಯವನ್ನು ನಮ್ಮ ಕಡೆಯವರಿಗೆ ಹೇಳಲು ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆ ಸಾಕು. ಗಿರಣಿ ಸರಿಯಾಗಿ ಕಬ್ಬು ಅರೆಯುತ್ತಿರುವಾಗ ಗೇಟಿನ ಮುಂದೆ ಎಷ್ಟು ಟ್ರ್ಯಾಕ್ಟರ್ ಬಂದು ಹೋದವು ಎಂದು ದಾರಿಹೋಕನಿಗೆ ತಿಳಿಯುವುದಿಲ್ಲ. ಗಿರಣಿ ಕೆಟ್ಟು ನಿಲ್ಲಲಿ. ಮಧ್ಯಾಹ್ನದ ಹೊತ್ತಿಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಗೇಟು ದಾಟಿ ಊರ ರಸ್ತೆಯವರೆಗೆ ಸಾಲುಗಟ್ಟಿರುತ್ತವೆ. ಬರುವುದು ಎಷ್ಟಿತ್ತು ಎಂಬುದು ಆಗ ಕಣ್ಣಿಗೆ ಬೀಳುತ್ತದೆ.

ಒಸುಮಿ ರಸದಾನಿಯ ಗಿರಣಿಯನ್ನು ನಿಲ್ಲಿಸಿದರು. ಕತ್ತರಿಸುವ ಮುಖ್ಯ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ತೆಗೆದುಕೊಂಡು ಅದಕ್ಕೆ ಸಾರಜನಕದ ಆಹಾರ ಕೊಡದೆ ಬಿಟ್ಟರು. ಕೆಲವೇ ಗಂಟೆಗಳಲ್ಲಿ ರಸದಾನಿಯೊಳಗೆ ಪುಟ್ಟ ಪುಟ್ಟ ಗುಂಡುಗಳು ತುಂಬಿಕೊಂಡು ಅತ್ತಿತ್ತ ಓಡಾಡತೊಡಗಿದವು. ಒಂದೊಂದು ಗುಂಡೂ ಕೋಶದಿಂದ ಕತ್ತರಿಸಿ ತಂದ ಸಾಮಾನಿನ ಕಟ್ಟು. ಕರಗಿಸುವವರಿಲ್ಲದೆ ಉಳಿದುಬಿಟ್ಟಿದ್ದವು. ಬೆಳಕಿನ ಸೂಕ್ಷ್ಮದರ್ಶಕದಲ್ಲೇ ಕಂಡದ್ದು ಅದು. ಗಂಟೆಗಟ್ಟಲೆ ನೋಡುತ್ತ ಕುಳಿತಿದ್ದೆ ಎಂದು ಒಸುಮಿ ಆಮೇಲೆ ನೆನೆದಿದ್ದಾರೆ. ಈ ಕೆಲಸ 1992ರಲ್ಲಿ ಪ್ರಕಟವಾಯಿತು.

ನನ್ನ ಲೆಕ್ಕದಲ್ಲಿ ನೊಬೆಲ್ ಬಂದದ್ದು ಮುಂದಿನ ಹೆಜ್ಜೆಗೆ. ಅದೇ ಯೀಸ್ಟಿನ ಜೀನ್‌ಗಳನ್ನು ರಾಸಾಯನಿಕದಿಂದ ಅಲ್ಲೊಂದು ಇಲ್ಲೊಂದು ಕೆಡಿಸಿದರು. ಆಮೇಲೆ ಸಾವಿರಾರು ತಳಿಗಳನ್ನು ಮತ್ತೆ ಉಪವಾಸಕ್ಕೆ ಹಾಕಿದರು. ಗಿರಣಿ ನಿಂತಿದ್ದರೂ ಯಾವ ತಳಿಯಲ್ಲಿ ಟ್ರ್ಯಾಕ್ಟರಿನ ಸಾಲು ಕಾಣುವುದಿಲ್ಲವೋ ಅಲ್ಲಿ ಕಬ್ಬು ಕಡಿಯುವವರೋ ಹೇರುವವರೋ ಓಡಿಸುವವರೋ ಇಲ್ಲವೆಂದು ಅರ್ಥ. ಅಂಥ ತಳಿಯಲ್ಲಿ ಕೆಟ್ಟ ಜೀನ್ ಯಾವುದೋ ಅದೇ ಆಟೋಫೇಜಿಗೆ ಬೇಕಾದ ಜೀನ್. ಹೀಗೆ 1993ರ ಹೊತ್ತಿಗೆ ಅವರೂ ಅವರ ವಿದ್ಯಾರ್ಥಿನಿ ಮಿಕಿ ತ್ಸುಕಾದಾ ಅವರೂ 15 ಜೀನ್‌ಗಳನ್ನು ಗುರುತಿಸಿದರು. ಇಂದು ಆ ಸಂಖ್ಯೆ 40ರ ಆಚೀಚೆ ಇದೆ, ಎಟಿಜಿ ಎಂಬ ಒಂದೇ ಹೆಸರಿನ ಮುಂದೆ 1, 2, 3 ಎಂದು ಅಂಕಿ ಹಾಕಿ ಕರೆಯುತ್ತಾರೆ. ಅವುಗಳಲ್ಲಿ ಮುಖ್ಯವಾದವು ಮನುಷ್ಯರಲ್ಲೂ ಇವೆ ಎಂದು ಗೊತ್ತಾದ ಮೇಲೆ, ಬೆರಳೆಣಿಕೆಯ ಜನ ಮಾಡುತ್ತಿದ್ದ ಸಂಶೋಧನೆ ಜಗತ್ತಿನೆಲ್ಲೆಡೆ ಹರಡಿತು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಯೀಸ್ಟಿನ ಆಟೋಫೇಜಿಯ ಕೆಲಸ ನಡೆಯುತ್ತಿದೆ.

ಕಡುಬು ಮಡಚಿದಂತೆ

ಕೋಶದೊಳಗೆ ಇದು ನಡೆಯುವ ಬಗೆ ಹೀಗಿದೆ. ಮೊದಲು ಅಪ್ಪಣೆ ಬೇಕು. ಟಾರ್ ಎಂಬ ಪ್ರೋಟೀನ್ ಕೋಶದ ಉಗ್ರಾಣದ ಮೇಲ್ವಿಚಾರಕನಿದ್ದಂತೆ. ಅಮೈನೋ ಆಮ್ಲ ಸಾಕಷ್ಟಿದೆಯೇ, ಇನ್ಸುಲಿನ್ ಸಂದೇಶ ಬರುತ್ತಿದೆಯೇ ಎಂದು ನೋಡುತ್ತಿರುತ್ತದೆ. ಎಲ್ಲ ಇದ್ದರೆ 'ಕಟ್ಟಿ' ಎನ್ನುತ್ತದೆ, ಕೆಡವುವವರನ್ನು ತಡೆದು ಹಿಡಿಯುತ್ತದೆ. ಕೊರತೆ ಬಿದ್ದಾಗ ಹಿಡಿತ ಸಡಿಲಿಸುತ್ತದೆ.

ಆಗ ಕೋಶರಸದಲ್ಲಿ ಒಂದು ಚಿಕ್ಕ ಪೊರೆ ಹುಟ್ಟುತ್ತದೆ. ಕರಿಗಡುಬು ಮಾಡುವಾಗ ಹೂರಣದ ಸುತ್ತ ಕಣಕವನ್ನು ತಂದು ಅಂಚು ಕೂಡಿಸುತ್ತಾರಲ್ಲ, ಹಾಗೆ ಈ ಪೊರೆ ಬಟ್ಟಲಿನಂತೆ ಬಾಗುತ್ತ, ಬೆಳೆಯುತ್ತ, ಎದುರಿಗೆ ಇರುವ ಸಾಮಾನನ್ನು ಸುತ್ತಿಕೊಂಡು ಬಾಯಿ ಮುಚ್ಚುತ್ತದೆ. ಒಂದು ವ್ಯತ್ಯಾಸ: ಈ ಕಡುಬಿಗೆ ಎರಡು ಪದರ. ಇಡೀ ಕೆಲಸಕ್ಕೆ ಹತ್ತು ನಿಮಿಷದಷ್ಟು ಸಾಕು. ಕಡುಬು ಲೈಸೋಸೋಮಿಗೆ ಹೋಗಿ ಕೂಡುತ್ತದೆ. ಹೊರಪದರ ಲೈಸೋಸೋಮಿನ ಪೊರೆಯಲ್ಲಿ ಬೆರೆಯುತ್ತದೆ, ಒಳಪದರ ಹೂರಣದ ಸಮೇತ ಒಳಗೆ ಬಿದ್ದು ಕರಗುತ್ತದೆ. ಬಿಡಿಯಾದ ಅಮೈನೋ ಆಮ್ಲಗಳು ಹೊರಗೆ ಬಂದು ಹೊಸ ಪ್ರೋಟೀನಿಗೆ ಅಥವಾ ಉರುವಲಿಗೆ ಆಗುತ್ತವೆ. ಒಸುಮಿ ಪತ್ತೆ ಮಾಡಿದ ಜೀನ್‌ಗಳ ಪ್ರೋಟೀನುಗಳಲ್ಲಿ ಕೆಲವು ಅಪ್ಪಣೆಗೆ, ಕೆಲವು ಕಣಕ ಲಟ್ಟಿಸುವುದಕ್ಕೆ, ಕೆಲವು ಅಂಚು ಕೂಡಿಸುವುದಕ್ಕೆ.

ಇಲ್ಲೊಂದು ಗೊಂದಲ ತಿಳಿಯಾಗಬೇಕು. ಊಟ ಬಿಟ್ಟ ಕೂಡಲೇ ದೇಹ ತನ್ನನ್ನು ತಿನ್ನಲು ಹೊರಡುವುದಿಲ್ಲ. ಬರಗಾಲ ಬಂದಾಗ ನಮ್ಮ ಹಿರಿಯರು ಮೊದಲು ಹಗೇವು ತೆರೆದು ಜೋಳ ತೆಗೆಯುತ್ತಿದ್ದರು. ದೇಹಕ್ಕೂ ಹಗೇವುಗಳಿವೆ. ಯಕೃತ್ತಿನಲ್ಲಿ ಗ್ಲೈಕೋಜನ್ ರೂಪದ ಸಕ್ಕರೆ ಇದೆ, ಚರ್ಮದಡಿಯಲ್ಲಿ ಕೊಬ್ಬಿದೆ. ಉಪವಾಸದ ಶಕ್ತಿಯಲ್ಲಿ ಬಹುಪಾಲು ಬರುವುದು ಈ ಸಂಗ್ರಹದಿಂದ. ಆಟೋಫೇಜಿ ಅದರ ಜೊತೆಯಲ್ಲಿ, ಅಂಗಕ್ಕೊಂದು ರೀತಿಯಲ್ಲಿ, ಹೆಚ್ಚುಕಡಿಮೆ ಆಗುವ ಕ್ರಿಯೆ.

ಹಸಿವಿಗಷ್ಟೇ ಅಲ್ಲ

ಸಂದೇಶ ಓದಿದವರಿಗೆ ಆಟೋಫೇಜಿ ಉಪವಾಸದ ದಿನ ಮಾತ್ರ ತೆರೆಯುವ ಅಂಗಡಿಯಂತೆ ಕಾಣುತ್ತದೆ. ಆದರೆ ಹೊಟ್ಟೆ ತುಂಬಿದ ದಿನವೂ ಅದು ಸಣ್ಣ ಪ್ರಮಾಣದಲ್ಲಿ ನಡೆದೇ ಇರುತ್ತದೆ. ಜಪಾನಿನ ಎರಡು ತಂಡಗಳು 2006ರಲ್ಲಿ ಇಲಿಗಳ ನರಕೋಶಗಳಲ್ಲಿ ಮಾತ್ರ ಆಟೋಫೇಜಿಯ ಜೀನ್ ತೆಗೆದು ನೋಡಿದವು. ಆ ಇಲಿಗಳಿಗೆ ಆಹಾರದ ಕೊರತೆ ಇರಲಿಲ್ಲ. ಆದರೂ ನರಕೋಶಗಳಲ್ಲಿ ಪ್ರೋಟೀನಿನ ಗಂಟುಗಳು ಬೆಳೆದವು, ಇಲಿಗಳ ನಡಿಗೆ ತಪ್ಪಿತು. ಚರ್ಮದ ಕೋಶ ಹಳೆಯದಾದರೆ ಉದುರಿ ಹೊಸದು ಬರುತ್ತದೆ. ನರಕೋಶಗಳಲ್ಲಿ ಹೆಚ್ಚಿನವು ಜೀವಮಾನವಿಡೀ ಅವೇ. ದಿನದ ಕಸ ದಿನವೇ ತೆಗೆಯದಿದ್ದರೆ ಅಲ್ಲಿ ಬೇರೆ ದಾರಿ ಇಲ್ಲ.

ಹುಟ್ಟಿನ ಗಳಿಗೆಯದು ಇನ್ನೂ ಸ್ವಾರಸ್ಯವಾಗಿದೆ. ಗರ್ಭದಲ್ಲಿ ಮರಿಗೆ ಹೊಕ್ಕುಳಬಳ್ಳಿಯಿಂದ ಪೋಷಣೆ ತಪ್ಪದೆ ಬರುತ್ತಿರುತ್ತದೆ. ಹುಟ್ಟಿದೊಡನೆ ಅದು ಕಡಿದುಹೋಗುತ್ತದೆ, ತಾಯಿಯ ಹಾಲು ಇನ್ನೂ ಬಾಯಿಗೆ ಬಿದ್ದಿರುವುದಿಲ್ಲ. ಹೆಚ್ಚಿನ ಸಸ್ತನಿಗಳ ಮೊದಲ ಉಪವಾಸ ಅದು. ಆ ಕೆಲವು ಗಂಟೆಗಳಲ್ಲಿ ಇಲಿಮರಿಯ ಹೃದಯ ಮತ್ತಿತರ ಅಂಗಗಳಲ್ಲಿ ಆಟೋಫೇಜಿ ಜೋರಾಗಿ ಏರುತ್ತದೆ ಎಂದು 2004ರಲ್ಲಿ ಕಂಡುಕೊಂಡರು. ಅದಕ್ಕೆ ಬೇಕಾದ ಎಟಿಜಿ5 ಜೀನ್ ಇಲ್ಲದ ಮರಿಗಳು ನೋಡಲು ಹೆಚ್ಚುಕಡಿಮೆ ಸರಿಯಾಗಿಯೇ ಹುಟ್ಟುತ್ತವೆ, ಆದರೆ ಒಂದು ದಿನದೊಳಗೆ ಸಾಯುತ್ತವೆ.

ರಕ್ತದ ಕೆಂಪು ಕಣ ಬಲಿಯುವಾಗ ತನ್ನ ಮೈಟೋಕಾಂಡ್ರಿಯಗಳನ್ನು ಕಳಚಿಕೊಳ್ಳುವುದಕ್ಕೂ ಇದೇ ಬಗೆಯ ವ್ಯವಸ್ಥೆ ಬೇಕು. ಒಳನುಗ್ಗಿದ ಬ್ಯಾಕ್ಟೀರಿಯಗಳನ್ನು ಸುತ್ತಿ ಲೈಸೋಸೋಮಿಗೆ ಹಾಕುವುದೂ ಇದರ ಕೆಲಸ.

ಕೆಟ್ಟರೆ ಏನಾಗುತ್ತದೆ?

ಚಿಕ್ಕ ವಯಸ್ಸಿನಲ್ಲೇ ಬರುವ ಕೆಲವು ಆನುವಂಶಿಕ ಪಾರ್ಕಿನ್ಸನ್ ಕಾಯಿಲೆಗಳಲ್ಲಿ ಪಿಂಕ್1, ಪಾರ್ಕಿನ್ ಎಂಬ ಜೀನ್‌ಗಳು ಕೆಟ್ಟಿರುತ್ತವೆ. ಹಾಳಾದ ಮೈಟೋಕಾಂಡ್ರಿಯವನ್ನು ಗುರುತಿಸಿ 'ಇದನ್ನು ಕೆಡವಿ' ಎಂದು ಚೀಟಿ ಅಂಟಿಸುವ ಜೀನ್‌ಗಳು ಅವು. ಲೈಸೋಸೋಮಿನ ಒಂದೇ ಒಂದು ಕಿಣ್ವ ಇಲ್ಲದಿದ್ದರೂ ಕಾಯಿಲೆ ಬರುತ್ತದೆ. ಗೋಶೆ ಕಾಯಿಲೆಯಲ್ಲಿ ಒಂದು ಬಗೆಯ ಕೊಬ್ಬು ಕರಗದೆ ಉಳಿದು ಗುಲ್ಮ, ಯಕೃತ್ತು ಊದಿಕೊಳ್ಳುತ್ತವೆ. ಪಾಂಪೆ ಕಾಯಿಲೆಯಲ್ಲಿ ಗ್ಲೈಕೋಜನ್ ತುಂಬಿಕೊಂಡು ಸ್ನಾಯುಗಳು ಸೋಲುತ್ತವೆ. ಇವೆರಡೂ ಭಾರತದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯಲ್ಲಿವೆ. ಕೊರತೆಯಾದ ಕಿಣ್ವವನ್ನು ಹೊರಗಿನಿಂದ ಕೊಡುವ ಚಿಕಿತ್ಸೆಯಿದೆ, ಅದು ತೀರ ದುಬಾರಿ.

ಕ್ಯಾನ್ಸರಿನ ವಿಷಯಕ್ಕೆ ಬಂದರೆ ಸಂದೇಶ ಹೇಳುವಷ್ಟು ಸರಳವಿಲ್ಲ. ಆರೋಗ್ಯವಂತ ಕೋಶದಲ್ಲಿ ಆಟೋಫೇಜಿ ಕೆಟ್ಟ ಸಾಮಾನನ್ನು ತೆಗೆಯುತ್ತ ಹಾನಿ ತಡೆಯುತ್ತದೆ, ಆ ಮಟ್ಟಿಗೆ ಕ್ಯಾನ್ಸರ್ ಹುಟ್ಟದಂತೆ ನೋಡಿಕೊಳ್ಳಬಲ್ಲದು. ಆದರೆ ಗಡ್ಡೆ ಬೆಳೆದ ಮೇಲೆ ಕತೆ ತಿರುಗುತ್ತದೆ. ಗಡ್ಡೆಯ ನಡುವಿನ ಕೋಶಗಳಿಗೆ ರಕ್ತ ಸರಿಯಾಗಿ ತಲುಪುವುದಿಲ್ಲ, ಅವೂ ಹಸಿದಿರುತ್ತವೆ. ಆಗ ಆಟೋಫೇಜಿ ಅವುಗಳನ್ನೇ ಬದುಕಿಸುತ್ತದೆ. ಅದಕ್ಕಾಗಿಯೇ ಕೆಲವು ಕ್ಯಾನ್ಸರ್ ಪ್ರಯೋಗಗಳಲ್ಲಿ ವೈದ್ಯರು ಆಟೋಫೇಜಿಯನ್ನು ಹೆಚ್ಚಿಸಲು ಅಲ್ಲ, ತಡೆಯಲು ಹೊರಟಿದ್ದಾರೆ. ಬಳಸುವ ಔಷಧಗಳಲ್ಲಿ ಒಂದು ಮಲೇರಿಯಾದ ಕ್ಲೋರೋಕ್ವಿನ್‌ನ ಸೋದರ, ಹೈಡ್ರಾಕ್ಸಿಕ್ಲೋರೋಕ್ವಿನ್. ಅದು ಲೈಸೋಸೋಮಿನ ಹುಳಿಯನ್ನು ಇಳಿಸುತ್ತದೆ, ಕಿಣ್ವಗಳು ಮೊಂಡಾಗುತ್ತವೆ. ಇನ್ನೊಂದು ಮಾತು: ಆಟೋಫೇಜಿ ತಿನ್ನುವುದು ಕೋಶದೊಳಗಿನ ಸಾಮಾನನ್ನು. ಒಂದು ಕೋಶ ಪಕ್ಕದ ಕ್ಯಾನ್ಸರ್ ಕೋಶವನ್ನು ಹುಡುಕಿ ತಿನ್ನುವುದು ಅದರ ಕೆಲಸವಲ್ಲ.

ಹಾಗಾದರೆ ಏಕಾದಶಿ?

ಹದಿನಾರು ಗಂಟೆ ಊಟ ಬಿಟ್ಟರೆ ಆಟೋಫೇಜಿ ಶುರು ಎಂದು ಕೆಲವು ಸಂದೇಶಗಳು ಗಡಿಯಾರ ಹಿಡಿದು ಹೇಳುತ್ತವೆ. ಆ ಅಂಕಿ ಒಸುಮಿಯವರ ಸಂಶೋಧನೆಯಿಂದ ಬಂದದ್ದಲ್ಲ. ಅವರ ಯೀಸ್ಟಿಗೆ ನಿಲ್ಲಿಸಿದ್ದು ಸಾರಜನಕದ ಪೋಷಣೆಯನ್ನು. ಇಲಿಗಳಲ್ಲಿ ಒಂದು ದಿನದ ಉಪವಾಸದಿಂದ ಯಕೃತ್ತಿನ ಆಟೋಫೇಜಿ ಏರುವುದು ಕಂಡಿದೆ. ಆದರೆ ಇಲಿಯ ಮೈಯಲ್ಲಿ ಆಹಾರ ಉರಿಯುವ ವೇಗ ನಮಗಿಂತ ಎಷ್ಟೋ ಹೆಚ್ಚು. ಅದಕ್ಕೆ ಒಂದು ದಿನ ಊಟವಿಲ್ಲವೆಂದರೆ ನಮಗೆ ಹಲವು ದಿನ ಇಲ್ಲದಂತೆ. ಮನುಷ್ಯರಲ್ಲಿ ಅಂಗಾಂಗದ ಆಟೋಫೇಜಿಯನ್ನು ಅಳೆಯಲು ಕೋಶದ ಚೂರನ್ನೇ ತೆಗೆಯಬೇಕು. ಪ್ರಯೋಗಾಲಯಕ್ಕೆ ಹೋಗಿ ರಕ್ತ ಕೊಟ್ಟು 'ನನ್ನ ಆಟೋಫೇಜಿ ಎಷ್ಟಿದೆ' ಎಂದು ತಿಳಿಯುವ ಸಾಮಾನ್ಯ ಪರೀಕ್ಷೆ ಇಲ್ಲ. ಹಾಗಿರುವಾಗ ಗಂಟೆಯ ಲೆಕ್ಕ ಎಲ್ಲಿಂದ ಬರಬೇಕು?

ಇನ್ನು ನಮ್ಮ ಏಕಾದಶಿಯ ಫರಾಳವನ್ನೂ ನೋಡಬೇಕಲ್ಲ. ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು, ಗೆಣಸು. ಗಡಿಭಾಗದ ಮರಾಠಿಯಲ್ಲಿ 'ಏಕಾದಶಿ, ದುಪ್ಪಟ್ ಖಾಶಿ' ಎಂಬ ಮಾತೇ ಇದೆ, ಏಕಾದಶಿ ಎಂದರೆ ಎರಡರಷ್ಟು ತಿನ್ನುವುದು ಎಂದು. ಸಾಬೂದಾಣಿ ಹೆಚ್ಚುಕಡಿಮೆ ಬರೀ ಪಿಷ್ಟ. ತಿಂದ ಮೇಲೆ ರಕ್ತದ ಸಕ್ಕರೆ ಏರುತ್ತದೆ, ಇನ್ಸುಲಿನ್ ಬರುತ್ತದೆ, ಉಗ್ರಾಣದ ಮೇಲ್ವಿಚಾರಕ ಟಾರ್ ಮತ್ತೆ 'ಕಟ್ಟಿ' ಎನ್ನುತ್ತದೆ. ಏಕಾದಶಿಯನ್ನು ಮಾಡುವವರು ವಿಠ್ಠಲನಿಗಾಗಿ ಮಾಡುತ್ತಾರೆ. ಅದಕ್ಕೆ ಸ್ಟಾಕ್‌ಹೋಮಿನ ನೊಬೆಲ್ ಮುದ್ರೆ ಬೇಕು ಎಂದು ದಿಂಡಿಯಲ್ಲಿ ನಡೆಯುವ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ.

ಅಕ್ಕನವರಿಗೆ ನಾನು ಮೊದಲು ಕೇಳಿದ್ದು ಮಾತ್ರೆಯ ಹೆಸರನ್ನು. ಚೀಟಿ ತಂದು ತೋರಿಸಿದರು. ಎರಡರಲ್ಲಿ ಒಂದು ಗ್ಲಿಮೆಪಿರೈಡ್. ಅದು ಊಟವಿರಲಿ ಇಲ್ಲದಿರಲಿ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುವ ಜಾತಿಯ ಮಾತ್ರೆ. ಅದನ್ನು ನುಂಗಿ ಹೊಟ್ಟೆ ಖಾಲಿ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬೆವರು, ನಡುಕ, ಕಣ್ಣು ಮಂಜಾಗುವುದು, ತಲೆ ತಿರುಗಿ ಬೀಳುವುದು. ಇನ್ಸುಲಿನ್ ಚುಚ್ಚುಮದ್ದು ತೆಗೆದುಕೊಳ್ಳುವವರಿಗೂ ಇದೇ ಮಾತು. ಮಾತ್ರೆಯನ್ನು ತಾವಾಗಿ ನಿಲ್ಲಿಸುವುದೂ ಸರಿಯಲ್ಲ. ಉಪವಾಸದ ದಿನ ಯಾವ ಮಾತ್ರೆ, ಎಷ್ಟು, ಯಾವಾಗ ಎಂಬುದನ್ನು ಚೀಟಿ ಬರೆದುಕೊಟ್ಟ ವೈದ್ಯರೇ ಹೇಳಬೇಕು. ನೀರು ಕುಡಿಯದಿರುವುದಂತೂ ಮೂತ್ರಪಿಂಡಕ್ಕೆ ಒಳ್ಳೆಯದಲ್ಲ.

"ಹಾಗಾದರೆ ನನ್ನ ಕೋಶಗಳು ಹಳೆಯ ಸಾಮಾನು ಬಿಚ್ಚುವುದೇ ಇಲ್ಲವೇ?" ಎಂದು ಅಕ್ಕನವರು ಸ್ವಲ್ಪ ಬೇಸರದಿಂದಲೇ ಕೇಳಿದರು. ಈಗಲೂ ಬಿಚ್ಚುತ್ತಿವೆ, ನೀವು ನನ್ನ ಜೊತೆ ಮಾತನಾಡುತ್ತಿರುವಾಗಲೇ ಎಂದೆ. ಅವರು ತಮ್ಮ ಅಂಗೈಯನ್ನು ತಿರುಗಿಸಿ ನೋಡಿಕೊಂಡರು. ಆಮೇಲೆ ಸಂಜೆ ದವಾಖಾನೆ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ವಿಚಾರಿಸಿ, ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೊರಟರು.